ನೈಟ್ ಡ್ಯೂಟಿಯ ಲೆಕ್ಕ ಇಟ್ಟುಕೊಳ್ಳುವುದು ಹೇಗೆ?

ಬೆಂಗಳೂರಿನ ಯಾವುದೇ ದೊಡ್ಡ ಆಸ್ಪತ್ರೆಯ ಹಳೆಯ ಸಿಸ್ಟರ್ ಒಬ್ಬರನ್ನು ಕೇಳಿ ನೋಡಿ: ಇದುವರೆಗೆ ಎಷ್ಟು ನೈಟ್ ಮಾಡಿದ್ದೀರಿ? ಹೆಚ್ಚಿನವರ ಹತ್ತಿರ ಲೆಕ್ಕ ಇರುವುದಿಲ್ಲ. ತಿಂಗಳು ಮುಗಿದರೆ ರೋಸ್ಟರ್ ಗೋಡೆಯಿಂದ ಇಳಿಯುತ್ತದೆ, ಅಲ್ಲಿಗೆ ಮುಗಿಯಿತು. ಆದರೆ ಆ ಲೆಕ್ಕ ನಿಮ್ಮ ಆರೋಗ್ಯಕ್ಕೆ ಬೇಕಾದದ್ದು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯನ್ನು ‘ಬಹುಶಃ ಕ್ಯಾನ್ಸರ್ ತರಬಲ್ಲದು’ ಎಂಬ ಗುಂಪಿಗೆ ಸೇರಿಸಿತು. ರಾತ್ರಿ ಬೆಳಕಿನಲ್ಲಿದ್ದರೆ ನಿದ್ದೆಗೆ ನೆರವಾಗುವ ಮೆಲಟೋನಿನ್ ಹಾರ್ಮೋನ್ ಕಡಿಮೆಯಾಗುತ್ತದೆ, ದೇಹದ ಒಳಗಡಿಯಾರ ತಪ್ಪುತ್ತದೆ. ಅಪಾಯದ ಮೂಲ ಇದೇ ಇರಬಹುದು ಎನ್ನುತ್ತಾರೆ ತಜ್ಞರು.

ಅಮೆರಿಕದ ನರ್ಸ್‌ಗಳ ಅಧ್ಯಯನ 2001ರಲ್ಲಿ ಹೇಳಿದ್ದು ಇದು: ತಿಂಗಳಿಗೆ ಕನಿಷ್ಠ 3 ರಾತ್ರಿಯಂತೆ 30 ವರ್ಷ ಅಥವಾ ಹೆಚ್ಚು ಕಾಲ ದುಡಿದವರಲ್ಲಿ ಸ್ತನ ಕ್ಯಾನ್ಸರ್ ಶೇ 36ರಷ್ಟು ಜಾಸ್ತಿ. ಈ ಸಂಖ್ಯೆ ನೋಡಿ ಹೆದರಬೇಡಿ. ಸಾವಿರ ಜನರಲ್ಲಿ 25 ಮಂದಿಗೆ ಬರುತ್ತಿತ್ತು ಅಂತಿಟ್ಟುಕೊಳ್ಳಿ, ಅದು 34 ಆಗುತ್ತದೆ, ಅಷ್ಟೆ. 2016ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಅಪಾಯ ಹೆಚ್ಚಿದ್ದನ್ನು ಕಾಣಲೂ ಇಲ್ಲ. ವಾದ ಇನ್ನೂ ಮುಗಿದಿಲ್ಲ. ಹಾಗಂತ ಸುಮ್ನೆ ಕೂರುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ತಿಂಗಳು, ವಾರ್ಡ್, ಒಟ್ಟು ಎಷ್ಟು ನೈಟ್, ಸತತವಾಗಿ ಎಷ್ಟು ನೈಟ್ ಎಂದು ನಾಲ್ಕು ಕಾಲಂ ಎಳೆಯಿರಿ. ಕೊನೆಯ ಕಾಲಂ ಬಿಡಲೇಬೇಡಿ. ನಾರ್ವೆಯ ನರ್ಸ್‌ಗಳ ಅಧ್ಯಯನದಲ್ಲಿ (2011) ಸತತ 6 ಅಥವಾ ಹೆಚ್ಚು ರಾತ್ರಿಗಳ ಪಾಳಿಯನ್ನು 5 ವರ್ಷ ಅಥವಾ ಹೆಚ್ಚು ಕಾಲ ಮಾಡಿದವರಲ್ಲೇ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚು ಕಂಡಿತ್ತು. ಪ್ರತಿ ತಿಂಗಳ ರೋಸ್ಟರ್ ಫೋಟೊ ತೆಗೆದಿಡಿ. ಹಳೆಯ ವರ್ಷಗಳಿಗೆ ಅನುಭವ ಪ್ರಮಾಣಪತ್ರ ಮುಂದಿಟ್ಟುಕೊಂಡು, ಯಾವ ವಾರ್ಡಿನಲ್ಲಿ ತಿಂಗಳಿಗೆ ಎಷ್ಟು ನೈಟ್ ಬರುತ್ತಿತ್ತು ಅಂತ ಜೊತೆಯವರನ್ನು ಕೇಳಿ ಬರೆಯಿರಿ. ಅಂದಾಜಾದರೂ ಪರವಾಗಿಲ್ಲ, ‘ಅಂದಾಜು’ ಅಂತ ಪಕ್ಕದಲ್ಲಿ ಗುರುತು ಹಾಕಿ.

ಇಂಥ ದಾಖಲೆಗೆ ಎಷ್ಟು ತೂಕ ಇದೆ ಎನ್ನುವುದಕ್ಕೆ ಡೆನ್ಮಾರ್ಕ್ ನೋಡಿ. ದೀರ್ಘಕಾಲ ರಾತ್ರಿ ಪಾಳಿ ಮಾಡಿ ಸ್ತನ ಕ್ಯಾನ್ಸರ್‌ಗೆ ತುತ್ತಾದ ನರ್ಸ್‌ಗಳು, ಗಗನಸಖಿಯರು ಸೇರಿ 40ರ ಹತ್ತಿರ ಮಹಿಳೆಯರಿಗೆ ಅಲ್ಲಿ ಪರಿಹಾರ ಸಿಕ್ಕಿದ ಸುದ್ದಿ 2009ರಲ್ಲಿ ಬಂತು. ವಾರಕ್ಕೆ ಒಂದು ರಾತ್ರಿಯಾದರೂ, 20 ವರ್ಷವಾದರೂ ದುಡಿದಿರಬೇಕು ಎನ್ನುವುದು ಆಗ ಅಲ್ಲಿದ್ದ ಅಳತೆ.

ಲೆಕ್ಕ ಕೈಯಲ್ಲಿದ್ದಾಗ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮಾತಾಡಿ. ‘ಮೇಡಂ, ಒಟ್ಟು ನೈಟ್ ಅಷ್ಟೇ ಇರಲಿ, ಮೂರು ಮೂರಾಗಿ ಒಡೆದು ಕೊಡ್ತೀರಾ?’ ಅಂತ ಕೇಳಿ. ಒಬ್ಬರೇ ಹೋಗುವುದಕ್ಕಿಂತ ವಾರ್ಡಿನವರೆಲ್ಲ ಸೇರಿ ಕೇಳಿದರೆ ಒಪ್ಪುವ ಸಾಧ್ಯತೆ ಜಾಸ್ತಿ.

ಮನೆಗೆ ಬಂದ ಮೇಲೆ ದಪ್ಪ ಪರದೆ ಎಳೆದು, ಫೋನ್ ಬೇರೆ ಕೋಣೆಯಲ್ಲಿಟ್ಟು ಮಲಗಿ. ಹಗಲು ಮಲಗುವವರನ್ನು ಎಬ್ಬಿಸಬಾರದು ಅಂತ ಮನೆಯವರಿಗೆ ಗಟ್ಟಿಯಾಗಿ ಹೇಳಿ. ಇದು ಸೋಮಾರಿತನ ಅಲ್ವಲ್ಲ! ಡ್ಯೂಟಿಯ ಕೊನೆಯ ಹೊತ್ತಿನಲ್ಲಿ ಕಾಫಿ ಬೇಡ. ಮೆಲಟೋನಿನ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಕೊನೆಗೆ ತಪಾಸಣೆ. ಬೆಂಗಳೂರಿನ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣುವುದು ಸ್ತನ ಕ್ಯಾನ್ಸರೇ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ತನ, ಗರ್ಭಕಂಠ, ಬಾಯಿ ಕ್ಯಾನ್ಸರ್ ತಪಾಸಣೆಯ ಕಾರ್ಯಕ್ರಮ ಇದೆ. ಅನುಮಾನ ಬಂದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಎಲ್ಲಿಗೇ ಹೋದರೂ ಆ ನೋಟ್‌ಬುಕ್ ಜೊತೆಗಿರಲಿ. ಅಮ್ಮ, ಅಕ್ಕ, ಚಿಕ್ಕಮ್ಮಂದಿರಿಗೆ ಈ ಕಾಯಿಲೆ ಇತ್ತಾ ಎನ್ನುವುದನ್ನೂ ಅದರಲ್ಲೇ ಬರೆದಿಡಿ. ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಯಾವಾಗಿನಿಂದ, ಎಷ್ಟು ಸಲ ಮಾಡಿಸಬೇಕು ಅಂತ ಅದನ್ನು ತೋರಿಸಿಯೇ ವೈದ್ಯರನ್ನು ಕೇಳಿ.