ಕಟ್ಟಿಗೆ ಒಡೆಯಲು ಹೋದವಳಿಗೆ ಅಜ್ಜಿ ಕೇಳಿದ್ದು

ಫೀನಿಕ್ಸ್‌ನಿಂದ ಐದಾರು ಗಂಟೆ ಕಾರು ಓಡಿಸಿದರೆ ಚಿನ್ಲಿ ಸಿಗುತ್ತದೆ. ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ಮೂರೂ ರಾಜ್ಯಗಳಲ್ಲಿ ಹರಡಿರುವ ನವಾಹೊ ನೇಷನ್ನಿನ, ಅಂದರೆ ನವಾಹೊ ಮೂಲನಿವಾಸಿಗಳ ನಾಡಿನ, ಊರು ಅದು. ಅಲ್ಲಿಯವರು ತಮ್ಮನ್ನು ಡಿನೆ ಅಂತ ಕರೆದುಕೊಳ್ಳುತ್ತಾರೆ. ಚಳಿಗಾಲಕ್ಕೆ ಮುಂಚೆ ವಯಸ್ಸಾದವರ ಮನೆಗಳಿಗೆ ಕಟ್ಟಿಗೆ ಒಡೆದು ಕೊಡಲು, ನೀರು ತಂದು ಕೊಡಲು ನಾವು ಎಂಟು ಜನ ಒಂದು ವಾರ ಅಲ್ಲಿದ್ದೆವು.

ನೀರು ತರುವುದು ಸಣ್ಣ ಕೆಲಸ ಅಲ್ಲ. ಬಹಳಷ್ಟು ಮನೆಗಳಿಗೆ ಇವತ್ತಿಗೂ ನಲ್ಲಿ ಇಲ್ಲ. ಪಿಕಪ್‌ನಲ್ಲಿ ಡ್ರಮ್ ಹೇರಿಕೊಂಡು ಮಣ್ಣುರಸ್ತೆಯಲ್ಲಿ ಹೋಗಿ ತರಬೇಕು. ಬಾವಿ ಇದ್ದರೂ ನೀರು ಕುಡಿಯುವಂತಿಲ್ಲದ ಜಾಗಗಳೂ ಇವೆ. 1944ರಿಂದ 1986ರವರೆಗೆ ಯುರೇನಿಯಂ ಅಗೆದರು, 500ಕ್ಕೂ ಹೆಚ್ಚು ಗಣಿಗಳನ್ನು ಹಾಗೇ ಬಿಟ್ಟು ಹೋದರು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಎರಡನೇ ದಿನ ಒಬ್ಬರು ಅಜ್ಜಿಯ ಹೊಗಾನಿಗೆ ಹೋದೆವು. ಮರದ ದಿಮ್ಮಿ ಜೋಡಿಸಿ ಕಟ್ಟಿದ ಎಂಟು ಮೂಲೆಯ ಮನೆ. ಜುನಿಪರ್ ಕಟ್ಟಿಗೆ ಒಡೆದು, ಅಜ್ಜಿಗೆ ಕೈಗೆ ಸಿಗಲಿ ಅಂತ ಬಾಗಿಲ ಎದುರಿಗೇ ಒಟ್ಟಿದೆವು. ಅಜ್ಜಿ ಹೊರಗೆ ಬಂದು ನೋಡಿದರು. ಬೈಯಲಿಲ್ಲ. ತುಟಿ ಮುಂದೆ ಮಾಡಿ ಪಕ್ಕದ ಗೋಡೆ ಕಡೆ ತೋರಿಸಿದರು. ಬೆರಳು ಮಾಡಿ ತೋರಿಸುವುದು ಅಲ್ಲಿ ಮರ್ಯಾದೆ ಅಲ್ಲ. ಹೊಗಾನಿನ ಬಾಗಿಲು ಪೂರ್ವಕ್ಕೇ ಇರುತ್ತದೆ, ಹುಟ್ಟುವ ಸೂರ್ಯನಿಗೆ ಏನೂ ಅಡ್ಡ ಬರಬಾರದು ಅಂತ ಮೊಮ್ಮಗಳು ಬಿಡಿಸಿ ಹೇಳಿದಳು. ಇಡೀ ರಾಶಿ ಎತ್ತಿ ಮತ್ತೆ ಒಟ್ಟಿದೆವು. ಮುಂದಿನ ಮನೆಗಳಲ್ಲಿ ಕೊಡಲಿ ಎತ್ತುವ ಮೊದಲೇ ಕೇಳಿದೆವು, "ಎಲ್ಲಿ ಒಟ್ಟಬೇಕು?"

ಸಂಜೆ ಕುರಿ ಮಾಂಸದ ಸಾರು ಬಡಿಸಿ ಅಜ್ಜಿ ತಮ್ಮ ಪರಿಚಯ ಹೇಳಿದರು. ಹೇಳಿದ್ದು ಕುಲ. ಮೊದಲು ತಾಯಿಯದು, ಕಹಿ ನೀರಿನ ಕುಲ. ಆಮೇಲೆ ತಂದೆಯದು, ತಾಯಿಯ ತಂದೆಯದು, ತಂದೆಯ ತಂದೆಯದು. ಮಕ್ಕಳು ಸೇರುವುದು ತಾಯಿಯ ಕುಲಕ್ಕೆ. ಒಂದೇ ಕುಲದವರು ಮದುವೆ ಆಗುವಂತಿಲ್ಲ.

"ನಿನ್ನದು?" ಅಂದರು.

ನಾನು ಉಡುಪಿ ಕಡೆಯ ಬಂಟರ ಮನೆಯವಳು. ನಮ್ಮದೂ ಅಳಿಯಸಂತಾನ, ಬಳಿ ಅಂದರೆ ಕುಲ ಬರುವುದು ಅಮ್ಮನಿಂದ. ಮೊಮ್ಮಗಳು ಅದನ್ನು ಡಿನೆ ಮಾತಿನಲ್ಲಿ ಹೇಳುತ್ತಿದ್ದಂತೆ ಅಜ್ಜಿ ನನ್ನ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು. ಅಮ್ಮನ ಬಳಿ ಯಾವುದು ಅಂತ ಹೇಳಿದೆ. ಅಪ್ಪನದ್ದೂ ಹೇಳಿದೆ. ಅಜ್ಜಂದಿರದ್ದು ಗೊತ್ತಿರಲಿಲ್ಲ. ಅಜ್ಜಿ ಸುಮ್ನೆ ಕಾಯುತ್ತಾ ಇದ್ದರು.

ಅಲ್ಲಿ ಸಿಗ್ನಲ್ ಇಲ್ಲ. ರಾತ್ರಿ ಚಿನ್ಲಿಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ, ಊರಲ್ಲಿ ಆಗ ಬೆಳಗಿನ ಹೊತ್ತು. ಇಬ್ಬರು ಅಜ್ಜಂದಿರ ಬಳಿಯ ಹೆಸರೂ ಕೇಳಿ ಬರೆದುಕೊಂಡೆ. ಮರುದಿನ ನೀರಿನ ಡ್ರಮ್ ಇಳಿಸಿದ ಮೇಲೆ ಆ ಚೀಟಿ ತೆಗೆದು ಅಜ್ಜಿಗೆ ನಾಲ್ಕನ್ನೂ ಓದಿ ಹೇಳಿದೆ.