ತಿರುಗುವ ತೇಗದ ಪಟ್ಟಿಗಳ ಪಾರ್ಟಿಷನ್: ನನ್ನ ಅನುಭವ

ಮೈಸೂರಿನ ಕುವೆಂಪುನಗರದ ಒಂದು ಮನೆಯಲ್ಲಿ ನಡುಮನೆಗೂ ಊಟದ ಕೋಣೆಗೂ ನಡುವೆ ನಾನು ನಿಲ್ಲಿಸಿದ ತಿರುಗುವ ಪಟ್ಟಿಗಳ ಪಾರ್ಟಿಷನ್ (ನೆಟ್ಟಗೆ ನಿಲ್ಲಿಸಿದ ಮರದ ಪಟ್ಟಿಗಳನ್ನು ತಿರುಗಿಸಿ ತೆರೆಯುವ, ಮುಚ್ಚುವ ಅಡ್ಡಗೋಡೆ) ಒಂದು ಆಷಾಢವನ್ನೂ ಒಂದು ಶಿವರಾತ್ರಿಯನ್ನೂ ದಾಟಿ ನೆಟ್ಟಗೆ ನಿಂತಿರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಏಳೂವರೆ ಅಡಿ ಎತ್ತರದ ಮರದ ಪಟ್ಟಿ ಮಳೆಗಾಲದಲ್ಲಿ ಸೊಟ್ಟಗಾಗದೆ ಇರುವುದಿಲ್ಲ, ಅಲ್ಯೂಮಿನಿಯಂ ಹಾಕಿಬಿಡಿ ಎಂದು ನಮ್ಮ ಕಸುಬಿನ ಹಿರಿಯರೇ ಹೇಳಿದ್ದರು.

ಅವರ ಮಾತಿಗೆ ಆಧಾರವಿತ್ತು. ಮೊದಲು ಎಂಟೂಕಾಲು ಇಂಚು ಅಗಲದ ಅಖಂಡ ಹಲಗೆಗಳನ್ನೇ ಬಳಸಿದ್ದೆ. ಮಳೆ ಹಿಡಿದ ಮೇಲೆ ಅರ್ಧಕ್ಕರ್ಧ ಹಲಗೆಗಳು ದೋಣಿಯಂತೆ ಬಾಗಿ, ಪಕ್ಕದ ಹಲಗೆಗೆ ತಗುಲಿ ನಿಂತುಬಿಟ್ಟವು. ಮರ, ಕೂಲಿ ಸೇರಿ ಸುಮಾರು 25,000 ರೂಪಾಯಿ ಹೋಯಿತು. ಎರಡನೆಯ ಸಲ ಹಳೆಯ ಮನೆ ಕೆಡವಿದಾಗ ಸಿಕ್ಕಿದ ತೇಗದ ತೊಲೆಗಳನ್ನು ಕೊಂಡು, ಸೀಳಿಸಿ, ಒಂದೊಂದು ಪಟ್ಟಿಗೂ ಮೂರು ಸಣ್ಣ ತುಂಡುಗಳನ್ನು ಬೆಳವಣಿಗೆಯ ಉಂಗುರಗಳು ಒಂದಕ್ಕೊಂದು ತಿರುಗುಮುರುಗಾಗಿ ಬರುವಂತೆ ಜೋಡಿಸಿ ಅಂಟಿಸಿದೆ. ಒಂದು ತುಂಡು ಬಾಗಲು ಹೊರಟರೆ ಪಕ್ಕದ್ದು ಎದುರು ದಿಕ್ಕಿಗೆ ಎಳೆಯುತ್ತದೆ. ಪಾಲಿಶನ್ನು ಎರಡೂ ಮುಖಕ್ಕೆ ಸಮನಾಗಿ, ಕಡಿದ ತುದಿಗಳಿಗೆ ಇನ್ನೂ ಒಂದು ಸಲ ಹೆಚ್ಚಾಗಿ ಕೊಟ್ಟೆ. ಹಳೆಯ ತೊಲೆಯಲ್ಲಿ ಉಳಿದಿದ್ದ ಮೊಳೆಗಳಿಂದ ಮರ ಹೆರೆಯುವ ಯಂತ್ರವಾದ ಪ್ಲೇನರಿನ ಬ್ಲೇಡುಗಳು ಹಾಳಾದವಾದರೂ ಅಷ್ಟು ಒಣಗಿದ ಮರ ಹೊಸದರಲ್ಲಿ ಸಿಗುವುದು ಕಷ್ಟ. ನಡುವೆ ಹಲಸಿನ ಮರದಲ್ಲೂ ಎರಡು ಪಟ್ಟಿ ಮಾಡಿ ನೋಡಿದೆ. ಹೊಸದರಲ್ಲಿ ಆ ಹಳದಿ ಬಣ್ಣ ಬಹಳ ಚೆನ್ನಾಗಿ ಕಾಣುತ್ತದೆ, ಆದರೆ ಬಿಸಿಲು ಬೀಳುವ ಕಡೆ ಬೇಗ ಕಂದಾಗಿ ತೇಗದ ಜೊತೆ ಹೊಂದುವುದಿಲ್ಲ.

ಒಂಬತ್ತು ಅಡಿ ಅಗಲಕ್ಕೆ, ಎಂಟು ಇಂಚಿಗೊಂದರಂತೆ 13 ಪಟ್ಟಿಗಳು ಬಂದವು. ಮುಚ್ಚಿದಾಗ ಸಂದಿ ಕಾಣದಂತೆ ಕಾಲಿಂಚು ಒಂದರ ಮೇಲೊಂದು ಬರಬೇಕಾದ್ದರಿಂದ ಒಂದು ಅಂಚನ್ನು ಮುಂದಿನಿಂದಲೂ ಇನ್ನೊಂದನ್ನು ಹಿಂದಿನಿಂದಲೂ ಕೊರೆದೆ. ಪಟ್ಟಿಯೊಂದರ ತೂಕ ಆರು ಕಿಲೋ ಆಸುಪಾಸು. ಆ ಭಾರವನ್ನೆಲ್ಲ ಕೆಳಗಿನ ಥ್ರಸ್ಟ್ ಬೇರಿಂಗ್, ಅಂದರೆ ಮೇಲಿನ ಭಾರ ಹೊತ್ತುಕೊಂಡೇ ತಿರುಗುವ ಬೇರಿಂಗ್, ಹೊರಬೇಕು. ಮೇಲಿನ ಪಿನ್ನು ಬರೀ ದಾರಿ ತೋರಿಸಬೇಕು, ಅದಕ್ಕೆ ಮೇಲೆ ಕೆಳಗೆ ಆಡಲು ಒಂದಿಷ್ಟು ಜಾಗವಿರಲೇಬೇಕು. ಇಲ್ಲವಾದರೆ ಮೇಲಿನ ಚೌಕಟ್ಟು ಸ್ವಲ್ಪ ಇಳಿದರೂ ಎಲ್ಲವೂ ಬಿಗಿಯುತ್ತವೆ.

ನನ್ನನ್ನು ಹೆಚ್ಚು ಕಾಡಿದ್ದು ಎಲ್ಲ ಪಟ್ಟಿಗಳನ್ನೂ ಒಟ್ಟಿಗೆ ತಿರುಗಿಸುವ ಕಬ್ಬಿಣದ ಪಟ್ಟಿ. ಪ್ರತಿ ಹಲಗೆಯ ತಲೆಯ ಮೇಲೆ ಎರಡಿಂಚಿನ ತೋಳು ಕೂರಿಸಿ, ತೋಳುಗಳನ್ನೆಲ್ಲ ಆ ಕಬ್ಬಿಣದ ಪಟ್ಟಿಗೆ ಸೇರಿಸಿದ್ದೆ. ತೋಳು ಹಲಗೆಯ ಮುಖದ ನೇರಕ್ಕೇ ಇದ್ದಾಗ, ಪೂರ್ತಿ ಮುಚ್ಚಿ ಮತ್ತೆ ತೆರೆದರೆ ನಾಲ್ಕಾರು ಹಲಗೆಗಳು ಉಲ್ಟಾ ದಿಕ್ಕಿಗೆ ಹೊರಳುತ್ತಿದ್ದವು. ತೋಳು ಮತ್ತು ಕಬ್ಬಿಣದ ಪಟ್ಟಿ ಒಂದೇ ಗೆರೆಗೆ ಬಂದಾಗ ಹಲಗೆ ಯಾವ ಕಡೆಗಾದರೂ ಹೋಗಬಹುದು. ತೋಳನ್ನು ಮುಖಕ್ಕೆ 45 ಡಿಗ್ರಿ ಓರೆಯಾಗಿ ಕೂರಿಸಿದೆ. ತೋಳಿಗೂ ಕಬ್ಬಿಣದ ಪಟ್ಟಿಗೂ ನಡುವಿನ ಕೋನ ಮುಚ್ಚಿದಾಗ 45, ತೆರೆದಾಗ 135. ನಡುವೆ ಎಲ್ಲಿಯೂ ಆ ಗೆರೆ ಸಿಗುವುದಿಲ್ಲ. ಈಗ ತುದಿಯ ಹಲಗೆಯನ್ನು ಒಂದೇ ಬೆರಳಿನಲ್ಲಿ ತಳ್ಳಿದರೆ ಹದಿಮೂರೂ ಒಟ್ಟಿಗೆ ತಿರುಗುತ್ತವೆ, ಮತ್ತು ಇದನ್ನು ಇಷ್ಟು ಹಗುರವಾಗಿ ಮರದಲ್ಲಿ ಮಾಡಿದ್ದನ್ನು ನಮ್ಮ ಕಡೆ ನಾನು ಬೇರೆಲ್ಲೂ ನೋಡಿಲ್ಲ. ಮುಚ್ಚುವಾಗ ಟಕ್ಕೆನ್ನದಂತೆ ಅಂಚಿನ ಕೊರೆತದೊಳಗೆ ಏನು ಅಂಟಿಸಿದ್ದೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದು ನನ್ನ ಅನ್ನ.

ನೆನಪಿರುವಂತೆ ಮರಕ್ಕೆ 22,000, ಬೇರಿಂಗು ಕಬ್ಬಿಣಕ್ಕೆ ಆರೇಳು ಸಾವಿರ, ಪಾಲಿಶು ಕೂಲಿ ಸೇರಿ ಒಟ್ಟು 50,000ದ ಹತ್ತಿರ ಬಂದಿತು. ನಾನು ತೆಗೆದುಕೊಂಡದ್ದು 75,000. ಮೊದಲಿನ ನಷ್ಟವನ್ನು ಕಳೆದರೆ ಕೈಗೆ ಉಳಿದದ್ದು ಏನೂ ಇಲ್ಲ. ಮುಂದಿನದನ್ನು ಮಂಡ್ಯದಲ್ಲಿ ಒಪ್ಪಿಕೊಂಡಿದ್ದೇನೆ. ಅಲ್ಲಿ ಕೆಳಗಿನ ಚೌಕಟ್ಟನ್ನು ನೆಲದಿಂದ ಒಂದಿಂಚು ಎತ್ತರಿಸುತ್ತೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ದಿನವೂ ನೆಲ ಒರೆಸುವ ನೀರು ಬೇರಿಂಗಿನೊಳಗೆ ಇಳಿಯುತ್ತದೆ.