ಎಣಿಕೆ ಮೇಜಿಗೆ ಹೋಗುವ ಮೊದಲೇ ಮುಗಿಸಬೇಕಾದ ಕೆಲಸ

2018ರ ಮತ್ತು 2023ರ ವಿಧಾನಸಭಾ ಚುನಾವಣೆಗಳಲ್ಲಿ ಮಂಡ್ಯ ಜಿಲ್ಲೆಯ ಒಂದು ಕ್ಷೇತ್ರಕ್ಕೆ ನಾನು ಎಣಿಕೆ ಏಜೆಂಟ್, ಅಂದರೆ ಮತ ಎಣಿಸುವಾಗ ಅಭ್ಯರ್ಥಿಯ ಪರವಾಗಿ ಕೂತು ನೋಡುವವನು, ಆಗಿದ್ದೆ. ಯಾವ ಪಕ್ಷ ಅಂತ ಕೇಳಬೇಡಿ, ಈ ಬರಹಕ್ಕೆ ಅದು ಬೇಕಾಗಿಲ್ಲ. ಹೊಸದಾಗಿ ಏಜೆಂಟ್ ಆಗುವ ಹುಡುಗರು ಬಂದು ‘ಅಣ್ಣ, ಒಳಗೆ ಏನ್ ಮಾಡ್ಬೇಕು?’ ಅಂತಾರೆ. ಒಳಗೆ ಮಾಡುವುದು ಕಡಿಮೆ. ಮಾಡಬೇಕಾದದ್ದೆಲ್ಲ ಹೊರಗೆ, ಮೊದಲೇ.

2023ರಲ್ಲಿ ಮತದಾನ ಮೇ 10ಕ್ಕೆ, ಎಣಿಕೆ ಮೇ 13ಕ್ಕೆ. ನನ್ನ ಕೆಲಸ ಶುರುವಾದದ್ದು 10ರ ಸಂಜೆ 6 ಗಂಟೆಗೆ. ಮತದಾನ ಮುಗಿದ ಮೇಲೆ ಬೂತ್ ಅಧಿಕಾರಿ 17ಸಿ ನಮೂನೆ ತುಂಬುತ್ತಾರೆ. ಆ ಬೂತಿನ ಮತಯಂತ್ರದಲ್ಲಿ ಒಟ್ಟು ಎಷ್ಟು ಮತ ಬಿದ್ದಿದೆ, ಕಂಟ್ರೋಲ್ ಯೂನಿಟ್ಟಿನ (ಯಂತ್ರದಲ್ಲಿ ಮತಗಳು ದಾಖಲಾಗುವ ಭಾಗ) ನಂಬರ್ ಯಾವುದು, ಕಾಗದದ ಸೀಲಿನ ನಂಬರ್ ಯಾವುದು, ಎಲ್ಲ ಅದರಲ್ಲಿರುತ್ತದೆ. ಅದರ ಪ್ರತಿ ಪ್ರತಿಯೊಬ್ಬ ಅಭ್ಯರ್ಥಿಯ ಬೂತ್ ಏಜೆಂಟಿಗೂ ಸಿಗಬೇಕು, ಅದು ನಿಯಮ. ಆದರೆ ಬೆಳಗ್ಗೆಯಿಂದ ಕೂತು ಸುಸ್ತಾದ ಹುಡುಗರು ಆರು ಗಂಟೆ ಆದ ತಕ್ಷಣ ಎದ್ದು ಹೊರಡುತ್ತಾರೆ. ಅದಕ್ಕೇ ಮೊದಲೇ ಗಟ್ಟಿಯಾಗಿ ಹೇಳಿಟ್ಟಿದ್ದೆ: ‘ಊಟಕ್ಕೆ ಆಮೇಲೆ ಹೋಗ್ರಪ್ಪ, ಮೊದ್ಲು ಆ ಕಾಗ್ದ ಇಸ್ಕೊಳ್ಳಿ.’ ವಾಟ್ಸಾಪಿನಲ್ಲಿ ಫೋಟೋ ಕಳಿಸಿದರೆ ಸಾಲದು. ಎಣಿಕೆ ಕೋಣೆಗೆ ಏಜೆಂಟರು ಮೊಬೈಲ್ ಒಯ್ಯುವಂತಿಲ್ಲ. ಕೈಯಲ್ಲಿ ಕಾಗದವೇ ಇರಬೇಕು.

ಮಧ್ಯೆ ಸಿಕ್ಕ ಬಿಡುವಿನಲ್ಲಿ ಒಂದು ಉದ್ದ ನೋಟ್‌ಬುಕ್ಕಿಗೆ ಗೆರೆ ಹಾಕಿಕೊಂಡೆ. ಬೂತ್ ನಂಬರ್, ಊರು, ಯಂತ್ರದ ನಂಬರ್, ಒಟ್ಟು ಮತ. ಪಕ್ಕದ ಕಾಲಂನಲ್ಲಿ 2018ರಲ್ಲಿ ಅದೇ ಊರಲ್ಲಿ ನಮಗೆಷ್ಟು, ಎದುರಾಳಿಗೆಷ್ಟು. ಬೂತುವಾರು ಮತಗಳ ಪಟ್ಟಿ, ಅಂದರೆ ನಮೂನೆ 20, ಎಣಿಕೆ ಮುಗಿದ ಮೇಲೆ ಎಲ್ಲರಿಗೂ ಸಿಗುವಂಥದ್ದು. ಇಲ್ಲೊಂದು ಎಚ್ಚರ ಬೇಕು. ಐದು ವರ್ಷದಲ್ಲಿ ಬೂತುಗಳು ಕೂಡುತ್ತವೆ, ಒಡೆಯುತ್ತವೆ, ನಂಬರ್ ಬದಲಾಗುತ್ತದೆ. ನಂಬರ್ ಹಿಡಿದು ಹೋಲಿಸಿದರೆ ಯಾವುದೋ ಊರಿನ ಮತ ಇನ್ಯಾವುದೋ ಊರಿನ ಮುಂದೆ ಬಂದು ಕೂರುತ್ತದೆ. ಊರ ಹೆಸರು, ಶಾಲೆಯ ಹೆಸರು ಹಿಡಿದೇ ಹೋಲಿಸಬೇಕು. ಎರಡು ರಾತ್ರಿ ಇದಕ್ಕೇ ಹೋಯಿತು. ಮನೆಯವಳು ‘ನಿಂತಿರೋರಿಗೇ ಇಲ್ದಿರೋ ಚಿಂತೆ ನಿಮಗ್ಯಾಕ್ರೀ’ ಅಂದಳು.

ಆಮೇಲೆ ಬೂತುಗಳನ್ನು ಸುತ್ತುಗಳಾಗಿ ಹಂಚಿಕೊಂಡೆ. ಸಾಮಾನ್ಯವಾಗಿ ಒಂದು ಕ್ಷೇತ್ರಕ್ಕೆ 14 ಮೇಜು. ಒಂದರಿಂದ 14ರವರೆಗಿನ ಬೂತು ಮೊದಲ ಸುತ್ತು, 15ರಿಂದ 28 ಎರಡನೆಯದು, ಹೀಗೆ. 250ರಷ್ಟು ಬೂತು ಇದ್ದರೆ 18 ಸುತ್ತು.

ನನ್ನ ಪ್ರಕಾರ ಇಡೀ ತಯಾರಿಯ ತಿರುಳು ಇದೇ. ಬೂತ್ ನಂಬರುಗಳು ಹೋಬಳಿ ಹಿಡಿದು ಸಾಗುತ್ತವೆ. ಹಾಗಾಗಿ ಟಿವಿಯಲ್ಲಿ ಬರುವ ‘ಮೂರನೇ ಸುತ್ತಿನಲ್ಲಿ ಮುನ್ನಡೆ’ ಅನ್ನುವುದು ಕ್ಷೇತ್ರದ ಮನಸ್ಸಲ್ಲ, ಯಾವುದೋ ಒಂದು ಮೂಲೆಯ ಮನಸ್ಸು. ನಾಗಮಂಗಲ ಕ್ಷೇತ್ರವನ್ನೇ ತೆಗೆದುಕೊಳ್ಳಿ. ಮದ್ದೂರು ತಾಲ್ಲೂಕಿನ ಕೊಪ್ಪ ಹೋಬಳಿ ಮತ ಹಾಕುವುದು ಆ ಕ್ಷೇತ್ರಕ್ಕೆ. ಕೊಪ್ಪದ ಬೂತುಗಳು ಯಾವ ಸುತ್ತಿಗೆ ಬರುತ್ತವೆ ಅಂತ ಗೊತ್ತಿಲ್ಲದವನು ಅಲ್ಲಿನ ಲೀಡ್ ನೋಡಿ ಪಟಾಕಿ ತರಿಸುವುದೂ ತಪ್ಪು, ಟವೆಲ್ ಕೊಡವಿ ಎದ್ದು ಹೋಗುವುದೂ ತಪ್ಪು. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಸುತ್ತಿನ ಮುಂದೆ ಹಿಂದಿನ ಸಲದ ಲೀಡ್ ಬರೆದಿತ್ತು. ನೋಡಬೇಕಾದದ್ದು ಲೀಡ್ ಎಷ್ಟು ಅಂತ ಅಲ್ಲ, ಹೋದ ಸಲಕ್ಕಿಂತ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ. ಐದನೇ ಸುತ್ತಿನ ಹೊತ್ತಿಗೆ ನಮ್ಮ ಕ್ಷೇತ್ರ ಯಾವ ಕಡೆ ವಾಲುತ್ತಿದೆ ಅನ್ನುವುದು ನನಗೆ ಹೆಚ್ಚು ಕಡಿಮೆ ಗೊತ್ತಾಗಿತ್ತು.

ಒಳಗಿನ ಕೆಲಸ ಹೀಗೆ. ಬೆಳಗ್ಗೆ 8 ಗಂಟೆಗೆ ಶುರುವಾಗುವುದು ಅಂಚೆ ಮತದಿಂದ, ಅದು ಚುನಾವಣಾಧಿಕಾರಿಯ ಮೇಜಿನಲ್ಲಿ. ಅರ್ಧ ಗಂಟೆಯ ನಂತರ ಯಂತ್ರಗಳು. ನಾವು ಜಾಲರಿಯ ಈಚೆ, ಎಣಿಸುವ ಸಿಬ್ಬಂದಿ ಆಚೆ. ಪೆಟ್ಟಿಗೆ ತೆರೆದಾಗ ಯಂತ್ರದ ನಂಬರ್, ಸೀಲಿನ ನಂಬರ್ ನಮ್ಮ 17ಸಿ ಪ್ರತಿಗೆ ತಾಳೆ ನೋಡಬೇಕು. ಆಮೇಲೆ ಒಟ್ಟು ಮತ. ಆಮೇಲೇ ರಿಸಲ್ಟ್ ಬಟನ್. ಅಭ್ಯರ್ಥಿಗಳ ಕ್ರಮಸಂಖ್ಯೆಯಂತೆ ಅಂಕಿಗಳು ಒಂದೊಂದಾಗಿ ಬರುತ್ತವೆ, ಕೊನೆಗೆ ನೋಟಾ. ಬೇಗ ಬೇಗ ಓಡುತ್ತದೆ. ತಪ್ಪಿಹೋದರೆ ‘ಇನ್ನೊಂದ್ಸಲ ತೋರಿಸಿ ಸಾರ್’ ಅಂದರೆ ತೋರಿಸುತ್ತಾರೆ, ನಾಚಿಕೆ ಬೇಡ.

ಅಂಚೆ ಮತದ ಮೇಜಿಗೆ ನಿಮ್ಮಲ್ಲಿ ಎಲ್ಲರಿಗಿಂತ ಚುರುಕಾದವರನ್ನು ಕೂರಿಸಿ. ಚುನಾವಣಾ ಕೆಲಸಕ್ಕೆ ಹೋದ ನೌಕರರ ಮತ ಅಲ್ಲಿ ಬರುತ್ತದೆ. 2023ರಲ್ಲಿ 80 ದಾಟಿದವರು ಮನೆಯಿಂದಲೇ ಹಾಕಿದ ಮತವೂ ಬಂತು. ಘೋಷಣೆ ಪತ್ರಕ್ಕೆ ಸಹಿ ಇಲ್ಲದಿದ್ದರೆ ಆ ಮತ ತಿರಸ್ಕೃತ. ಒಂದೊಂದು ಮತವೂ ಲೆಕ್ಕಕ್ಕೆ ಬರುತ್ತದೆ: ಬೆಂಗಳೂರಿನ ಜಯನಗರ ಆ ಸಲ ಮರು ಎಣಿಕೆಯಾಗಿ 16 ಮತದಲ್ಲಿ ತೀರ್ಮಾನವಾಯಿತು. ಮರು ಎಣಿಕೆ ಬೇಕಿದ್ದರೆ ಕಾರಣ ಬರೆದು ಕೇಳಬೇಕು, ಅದೂ ಫಲಿತಾಂಶ ಘೋಷಿಸುವ ಮೊದಲು. ಕೂಗಾಡಿದರೆ ಯಾರೂ ಕೇಳುವುದಿಲ್ಲ.

ಯಂತ್ರ ಮುಗಿದರೂ ಎದ್ದು ಬರಬೇಡಿ. ಚೀಟಿ ಎತ್ತಿ ಐದು ಬೂತುಗಳ ವಿವಿಪ್ಯಾಟ್ ಕಾಗದ, ಅಂದರೆ ಮತ ಹಾಕಿದಾಗ ಯಾರಿಗೆ ಬಿತ್ತು ಅಂತ ಅಚ್ಚಾಗಿ ಬೀಳುವ ಕಾಗದ, ಎಣಿಸುತ್ತಾರೆ. 2018ರಲ್ಲಿ ಹೀಗೆ ಎಣಿಸಿದ್ದು ಕ್ಷೇತ್ರಕ್ಕೆ ಒಂದೇ ಬೂತಿನದು. ಗೆದ್ದವರ ಕಡೆಯವರು ಅಷ್ಟು ಹೊತ್ತಿಗೆ ಹಾರ ಹಿಡಿದು ಗೇಟಿಗೆ ಓಡಿರುತ್ತಾರೆ, ಸೋತವರ ಕಡೆಯವರು ಮನೆಗೆ. ಆ ಎಣಿಕೆ ನೋಡಲು ಉಳಿಯುವವರು ತೀರಾ ಕಡಿಮೆ.

ಫಲಿತಾಂಶ ನಿಮಗೆಲ್ಲ ಗೊತ್ತೇ ಇದೆ. 2018ರಲ್ಲಿ ಜಿಲ್ಲೆಯ ಏಳಕ್ಕೆ ಏಳೂ ಜೆಡಿಎಸ್. 2023ರಲ್ಲಿ ಕಾಂಗ್ರೆಸ್ಸಿಗೆ 5, ಮೇಲುಕೋಟೆಯಲ್ಲಿ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ, ಜೆಡಿಎಸ್ಸಿಗೆ ಉಳಿದದ್ದು ಕೆ.ಆರ್. ಪೇಟೆ ಒಂದೇ. ‘ಗಾಳಿ’ ಅಂದರು. ಗಾಳಿ ಇದ್ದದ್ದೂ ನಿಜ. ಆದರೆ ಮಂಡ್ಯ ಕ್ಷೇತ್ರದ ಅಂತರ ಸುಮಾರು ಎರಡು ಸಾವಿರ ಮತ ಅಷ್ಟೆ. 250 ಬೂತಿಗೆ ಹಂಚಿದರೆ ಬೂತಿಗೆ ಎಂಟು. ಎರಡು ಮನೆಯವರು ಮನಸ್ಸು ಮಾಡಿದರೆ ಆಗುವ ಲೆಕ್ಕ ಅದು, ಅಲ್ವಾ?

2024ರ ಲೋಕಸಭೆಯಲ್ಲಿ ಕುಮಾರಸ್ವಾಮಿ ಇಲ್ಲಿ 2 ಲಕ್ಷ 80 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಒಂದೇ ವರ್ಷದ ಅಂತರ, ಬೂತುಗಳೂ ಹೆಚ್ಚು ಕಡಿಮೆ ಅವೇ. ಆ ಅಂಕಿಗಳಿಗೂ ನೋಟ್‌ಬುಕ್ಕಿನಲ್ಲಿ ಒಂದು ಕಾಲಂ ಎಳೆದಿದ್ದೇನೆ. ಮುಂದಿನ ಸಲ ಏಜೆಂಟ್ ಆಗುವವರು ಬಂದರೆ ಕೊಡುತ್ತೇನೆ, ಯಾವ ಪಕ್ಷದವರಾದರೂ ಸರಿ. ಜೆರಾಕ್ಸ್ ಮಾಡಿಸಿಕೊಂಡು ವಾಪಸ್ ಕೊಡಬೇಕು.